ಇಲ್ಲದ ಏಕಾದಶಿ

ಆವತಿಯ ಭಜನೆಮನೆಯಲ್ಲಿ ಹದಿನೆಂಟು ವರ್ಷಗಳಿಂದ ಪ್ರತಿ ಶನಿವಾರ ಪ್ರವಚನ ಹೇಳುತ್ತಿದ್ದವರು ಅಪ್ಪಯ್ಯಣ್ಣ ಮೇಷ್ಟ್ರು. ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಊರಿನ ಗೌಡರ ಪೈಕಿ ಹೆಚ್ಚು ಜಮೀನಿದ್ದ ಮನೆಯವರು. ನಾಲ್ಕು ವರ್ಣಗಳ ವಿಷಯ ಬಂದರೆ ಅವರಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

“ವರ್ಣ ಹುಟ್ಟಿನಿಂದ ಬರೋದಲ್ಲ. ಗುಣದಿಂದ ಬರ್ತದೆ, ಮಾಡೋ ಕೆಲಸದಿಂದ ಬರ್ತದೆ. ಒಳಗಿರೋ ಆತ್ಮಕ್ಕೆ ಯಾವ ಕೇರಿ?” ಎಂದು ಕೇಳುವಾಗ ಅವರ ದನಿ ಏರುತ್ತಿತ್ತು. ಅದು ನಟನೆಯಲ್ಲ. ಆ ಮಾತನ್ನು ಅವರು ನಂಬಿದ್ದರು.

ಬಾಗಿಲ ಪಕ್ಕ ಕೂತು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದವನು ಸಂಜೀವಪ್ಪ. ಕೆಳಗಿನ ಕೇರಿಯವನು, ಮೇಷ್ಟ್ರ ಹಳೇ ವಿದ್ಯಾರ್ಥಿ, ಈಗ ದೇವನಹಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಕೇರಿಯಲ್ಲಿ ಹೊಸ ಮನೆ ಕಟ್ಟಿಸಿ ಕರೆಯಲು ಬಂದ. “ಮೇಷ್ಟ್ರೇ, ಗೃಹಪ್ರವೇಶದ ದಿನ ನೀವು ನಾಲ್ಕು ಮಾತು ಹೇಳ್ಬೇಕು. ನಮ್ಮವ್ವಂಗೆ ಅದೇ ಆಸೆ.”

“ಬರ್ದೆ ಇರ್ತೀನೇನೋ?”

ಆ ದಿನ ಹೊರಡುವಾಗ ಹೆಂಡತಿ ಪಿಳ್ಳಮ್ಮ ಉಪ್ಪಿಟ್ಟಿನ ತಟ್ಟೆ ಎತ್ತಿಕೊಳ್ಳುತ್ತಾ ಹೇಳಿದಳು: “ಹೊಟ್ಟೆ ತುಂಬಾ ತಿಂದಿದ್ದೀರ. ಮಾತಾಡ್ಬಿಟ್ಟು ಬಂದ್ಬಿಡಿ.” ಅದರ ಅರ್ಥ ಇಬ್ಬರಿಗೂ ಗೊತ್ತಿತ್ತು. ಮೇಷ್ಟ್ರು ಚಪ್ಪಲಿ ಮೆಟ್ಟಿದರು.

ಹೊಸ ಸುಣ್ಣದ ವಾಸನೆಯ ನಡುವೆ ಅವರು ಎಂದಿಗಿಂತ ಚೆನ್ನಾಗಿ ಮಾತಾಡಿದರು. ಹೆಂಗಸರು ಕಣ್ಣೊರೆಸಿಕೊಂಡರು. ಮಾತು ಮುಗಿದದ್ದೇ ಸಂಜೀವಪ್ಪ ಅವರಿಗಾಗಿ ನಡುಮನೆಯಲ್ಲಿ ಚಾಪೆ ಹಾಸಿ ಎಲೆ ಹಾಕಿಸಿದ. ಎದುರಿನ ಗೋಡೆಗೆ ಒರಗಿ ಅವನ ತಾಯಿ, ಎಂಬತ್ತರ ಸಪ್ಪಲಮ್ಮ, ಮೇಷ್ಟ್ರು ಮೊದಲ ತುತ್ತು ಎತ್ತಲೆಂದು ತನ್ನ ಎಲೆಯ ಮುಂದೆ ಕಾಯುತ್ತಿದ್ದಳು.

ಬೆಂಗಳೂರಿನ ಹೋಟೆಲುಗಳಲ್ಲಿ ಅಡುಗೆ ಯಾರದೆಂದು ಒಮ್ಮೆಯೂ ಕೇಳದೆ ಉಂಡವರು ಅವರು. ಇಲ್ಲಿ ಮಾತ್ರ ಕೂರಲು ಮಂಡಿ ಬಾಗಲಿಲ್ಲ.

“ಇವತ್ತು ಏಕಾದಶಿ ಸಂಜೀವ. ನಾನು ಏನೂ ಮುಟ್ಟಲ್ಲ,” ಎಂದರು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವರಿಗೇ ಆಶ್ಚರ್ಯವಾಯಿತು.

ಎಲೆ ಸರಿಮಾಡಿಕೊಳ್ಳುತ್ತಿದ್ದ ಸಪ್ಪಲಮ್ಮನ ಕೈ ನಿಂತಿತು. “ಇವತ್ತಾ ಏಕಾದಶಿ?”

“ಅಲ್ಲ ಕಣಜ್ಜಿ, ನಿನ್ನೆ!” ಬಡಿಸುತ್ತಿದ್ದ ಮೊಮ್ಮಗಳು ರೂಪ ನಕ್ಕಳು. “ನಿನ್ನೆಯಿಡೀ ಬರೀ ನೀರು ಕುಡ್ಕೊಂಡಿದ್ಯಲ್ಲ, ಮರೆತ್ಬಿಟ್ಯಾ?”

“ಸುಮ್ಕಿರವ್ವ. ನಿನ್ ಕ್ಯಾಲೆಂಡರ್‌ಗಿಂತ ಮೇಷ್ಟ್ರು ದೊಡ್ಡೋರು. ನಂದೇ ಲೆಕ್ಕ ತಪ್ಪೈತೆ.” ಮುದುಕಿ ಎಲೆಯನ್ನು ಮೆಲ್ಲಗೆ ದೂರ ಸರಿಸಿದಳು. “ತಿಮ್ಮಪ್ಪಂಗೆ ಹರಕೆ ಹೇಳ್ಕಂಡು ನಲವತ್ತು ವರ್ಸ. ಒಂದೂ ಬಿಟ್ಟಿಲ್ಲ. ಇವತ್ತೂ ಇದ್ಬಿಡ್ತೀನಿ.”

“ಎದ್ದು ನಿಲ್ಲಕ್ಕೆ ಆಗ್ತಿಲ್ಲ, ಇನ್ನೊಂದಿನ ಉಪವಾಸ ಅಂತೆ!” ಎಂದಳು ರೂಪ.

ಸಂಜೀವಪ್ಪ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದ. ಅವನಿಗೆ ತಿಳಿದುಹೋಗಿತ್ತು.

ಸಪ್ಪಲಮ್ಮನೇ ದಾರಿ ತೋರಿದಳು. “ಒಂದೊಂದ್ಸಲ ಎರಡು ದಿನ ಬತ್ತದೆ ಅಂತ ನೀವೇ ಹೇಳಿದ್ರಂತಲ್ಲ ಸ್ವಾಮಿ, ಹಂಗೇನಾ?”

ಹೂಂ ಎಂದರೆ ಮುಗಿಯುತ್ತಿತ್ತು. ಆ ಹೂಂ ಅವರ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಸರಿಸಿದ ಎಲೆಯ ಅಂಚಿನಲ್ಲಿ ಮುದುಕಿಯ ಬೆರಳುಗಳು ಹಸಿವಿಗೆ ಸಣ್ಣಗೆ ನಡುಗುತ್ತಿದ್ದವು.

“ಇಲ್ಲಮ್ಮ,” ಎಂದರು. “ಏಕಾದಶಿ ನಿನ್ನೆ. ನಿಮ್ಮ ಲೆಕ್ಕ ಸರಿ. ನಾನು ಬೆಳಿಗ್ಗೆ ಉಪ್ಪಿಟ್ಟು ತಿಂದು ಬಂದಿದ್ದೀನಿ. ಸುಳ್ಳು ಹೇಳ್ದೆ.”

ರೂಪಳ ಕೈಯಲ್ಲಿ ಸೌಟು ಹಾಗೇ ನಿಂತಿತು. ಬಾಗಿಲಲ್ಲಿದ್ದವರು ಬೇರೆ ಕಡೆ ನೋಡಿದರು.

“ಬಡಿಸು ಸಂಜೀವ. ಉಣ್ತೀನಿ,” ಎಂದು ಅವರು ಚಾಪೆಯತ್ತ ಬಾಗಿದರು.

“ಬೇಡಿ ಮೇಷ್ಟ್ರೇ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು. “ನಾಚಿಕೆಗೆ ಉಣ್ಣೋದು ಬೇಡ. ನೋಡ್ತಾ ಕೂತ್ರೆ ನಮ್ಗೂ ಗಂಟ್ಲಲ್ಲಿ ಇಳಿಯಲ್ಲ.”

ಅವನು ತಾಯಿಯ ಎಲೆಯನ್ನು ಮತ್ತೆ ಹತ್ತಿರ ಎಳೆದು, ಅನ್ನಕ್ಕೆ ತುಪ್ಪ ಹಾಕಿದ. ಮೇಷ್ಟ್ರಿಗೆ ಯಾರೂ ಕೂತ್ಕೊಳ್ಳಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಮುದುಕಿ ಉಣ್ಣುವುದನ್ನು ನೋಡದೆ ಹೊರಡಲಾರದೆ ಅವರು ನಿಂತೇ ಇದ್ದರು.

ಸಪ್ಪಲಮ್ಮ ಎರಡು ತುತ್ತು ನುಂಗಿ ತಲೆಯೆತ್ತಿದಳು. “ಹೊಟ್ಟೆ ತುಂಬಿದ್ಮೇಲೆ ಯಾರಾದ್ರೂ ಹೆಂಗುಂಡಾರು? ಬಿಡಿ ಸ್ವಾಮಿ, ಇನ್ನೊಂದಿನ ಬನ್ನಿ.”

ಅವಳು ಅದನ್ನು ಕೊಂಕಿಲ್ಲದೆ, ಮನಸಾರೆ ಹೇಳಿದ್ದಳು. “ಬರ್ತೀನಮ್ಮ” ಎನ್ನಲು ಮೇಷ್ಟ್ರು ಬಾಯಿ ತೆರೆದರು. ಅದೂ ಸುಳ್ಳಾದೀತೇನೋ ಎಂದು ಮತ್ತೆ ಮುಚ್ಚಿಕೊಂಡರು.