ಆನೆ ಆ ಕಡೆ, ಬಸವ ಈ ಕಡೆ

ಜುಬೇದಾ ಬೀಗೆ ಪಾಕ ಗೊತ್ತಿತ್ತು, ಅಚ್ಚು ಗೊತ್ತಿರಲಿಲ್ಲ. ಅಚ್ಚು ಆಕೆಯ ಗಂಡ ಮಸ್ತಾನಸಾಬನ ಕೆಲಸ. ಕೊಟ್ಟೂರಿನ ನಮ್ಮ ಓಣಿಗೆ ಬಾಗಿಲು, ಕಿಟಕಿ, ತೊಟ್ಟಿಲು, ನೊಗ ಎಲ್ಲ ಮಾಡಿಕೊಟ್ಟ ಬಡಗಿ ಆತ. ಮದುವೆಯಾದ ಹೊಸದರಲ್ಲಿ, ಕೆಲಸವಿಲ್ಲದೆ ಕೂತಿದ್ದ ಒಂದು ಮಳೆಗಾಲ, ಉಳಿದ ಸಾಗುವಾನಿ ತುಂಡುಗಳಲ್ಲಿ ಸಕ್ಕರೆ ಆರತಿಯ ಅಚ್ಚುಗಳನ್ನು ಕೆತ್ತಿದ್ದ. ಆನೆ, ಬಸವಣ್ಣ, ಗಿಳಿ, ನವಿಲು, ಗೋಪುರ. ಒಂದೊಂದು ಅಚ್ಚಿಗೂ ಎರಡು ಹೋಳು. ಒಂದರಲ್ಲಿ ಪ್ರಾಣಿಯ ಬಲ ಮೈ, ಇನ್ನೊಂದರಲ್ಲಿ ಎಡ ಮೈ. ಎರಡನ್ನೂ ಮುಖಾಮುಖಿ ಕೂಡಿಸಿ ದಾರ ಬಿಗಿದು, ಬುಡದ ತೂತಿನಿಂದ ಪಾಕ ಸುರಿದರೆ ಒಳಗೆ ಇಡೀ ಪ್ರಾಣಿ ಗಟ್ಟಿಯಾಗಿ ನಿಲ್ಲುತ್ತಿತ್ತು.

ಕಾರ್ತಿಕದ ಗೌರಿ ಹುಣ್ಣಿಮೆಗೆ ನಮ್ಮ ಕಡೆ ಹೆಣ್ಣುಮಕ್ಕಳು ಈ ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ದೀಪ ಹಚ್ಚಿ ಗೌರಿಗೆ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರೇ ಸೀರೆ, ಹೂವಿನ ಜೊತೆ ಆರತಿ ಒಯ್ಯಬೇಕು. ಅದು ಎಲ್ಲೂ ಮುಕ್ಕಾಗಿರಬಾರದು. ಹುಣ್ಣಿಮೆ ಹತ್ತಿರ ಬಂತೆಂದರೆ ಓಣಿಯ ಮಕ್ಕಳೆಲ್ಲ ತಮ್ಮ ತಮ್ಮ ಮನೆಯ ಸಕ್ಕರೆ ಹಿಡಿದು ಜುಬೇದಾ ಬೀಯ ಅಂಗಳಕ್ಕೆ ಬರುವುದು ರೂಢಿ. ಆಕೆ ಕಾಸುತ್ತಿದ್ದಳು, ಮಸ್ತಾನಸಾಬ ಕಟ್ಟಿ, ಬಿಚ್ಚಿ ಕೊಡುತ್ತಿದ್ದ. “ಬೋಗುಣ್ಯಾಗ ಇರೋತನಕ ಆಕೀದು, ಅಚ್ಚಿನ್ಯಾಗ ಬಿತ್ತಂದ್ರ ನಂದು” ಎನ್ನುತ್ತಿದ್ದ.

ತೊಂಬತ್ತೆಂಟರ ಬೇಸಿಗೆಯಲ್ಲಿ ಮಸ್ತಾನಸಾಬ ತೀರಿಕೊಂಡ. ಅಚ್ಚುಗಳು ಗೋಣಿಚೀಲದಲ್ಲಿ ಮಂಚದ ಕೆಳಗೆ ಸೇರಿದವು.

ಆ ವರ್ಷ ಹುಣ್ಣಿಮೆಯ ಹಿಂದಿನ ದಿನ, ಪಕ್ಕದ ಮನೆಯ ಕಲ್ಯಾಣಮ್ಮನ ಕಿರಿಯ ಮಗ ಪಾಲಾಕ್ಷ ಕೈಚೀಲ ಬೀಸುತ್ತ ಹೊರಟಿದ್ದ. ಜುಬೇದಾ ಬೀ ಕಟ್ಟೆಯ ಮೇಲೆ ಮೊಮ್ಮಗಳು ಸಿಮ್ರಾನಳ ತಲೆ ಬಾಚುತ್ತ ಕೂತಿದ್ದಳು.

“ಎಲ್ಲಿಗಲೇ ಸವಾರಿ?”

“ಪ್ಯಾಟಿಗಜ್ಜಿ. ಅಣ್ಣಗ ಗೊತ್ತಾದ ಹೆಣ್ಣಿಗೆ ಆರತಿ ತರಾಕ.”

ಜುಬೇದಾ ಬೀಯ ಬಾಚಣಿಗೆ ನಿಂತಿತು. “ಯಾಕ, ನಮ್ಮ ಮನಿ ಎಲ್ಲಿ ಹೋಗೇತಿ?”

“ಅಜ್ಜ ಇಲ್ಲಲ್ಲ, ಈ ಸಲ ಅವ್ರು ಮಾಡಂಗಿಲ್ಲ, ಕೇಳಾಕ ಹೋಗಬ್ಯಾಡ ಅಂದ್ಲು ಅವ್ವ.”

“ಅಜ್ಜ ಹೋಗ್ಯಾನ. ಅಚ್ಚು ಹೋಗಿಲ್ಲ. ನಡಿ, ನಿಮ್ಮವ್ವನ್ನ ಕರಿ.”

ಕಲ್ಯಾಣಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. “ಜುಬೇದಕ್ಕ, ಯಾವ ಬಾಯಿಂದ ಕೇಳ್ಲಿ ಅಂತ ಸುಮ್ನಿದ್ದೆ.”

“ನಿಮ್ಮ ಹಿರಿಮಗನ ತೊಟ್ಲ ಯಾರು ಮಾಡಿದ್ದು?”

“ಮಸ್ತಾನಣ್ಣನ ಮಾಡಿದ್ದು, ಇಲ್ಲ ಅಂದೋರ್ಯಾರು?”

“ಆ ತೊಟ್ಲದಾಗ ಮಲಗಿದ ಹುಡುಗನ ಹೆಣ್ಣಿಗೆ ಪ್ಯಾಟಿ ಆರತಿ ಹೋದ್ರ ನಾ ಈ ಕಟ್ಟಿ ಮ್ಯಾಲ ಹೆಂಗ ಕುಂದ್ರಲಿ?”

ಕಲ್ಯಾಣಮ್ಮ ಬಸ್ಸಿನ ಹೊತ್ತು ಲೆಕ್ಕ ಹಾಕಿದಳು. “ನಾಳಿ ಮಧ್ಯಾಹ್ನದ ಬಸ್ಸಿಗೆ ಬಾಗಳಿಗೆ, ಬೀಗರ ಮನಿಗೆ ಹೋಗಬೇಕು. ಅಷ್ಟರಾಗ ಐದು ಗೊಂಬಿ ಆದ್ವೋ, ನಿನ್ನವ ಒಯ್ತೀನಿ. ಆಗ್ಲಿಲ್ಲೋ, ಪ್ಯಾಟಿಯವು. ಆಮ್ಯಾಲ ನೀ ಸಿಟ್ಟಾಗಂಗಿಲ್ಲ ನೋಡು.”

“ಸಕ್ರಿ ಕಳಿಸು ಮೊದ್ಲು” ಎಂದಳು ಜುಬೇದಾ ಬೀ.

ಸಂಜೆಗೆ ಅಚ್ಚುಗಳು ಹಂಡೆಯ ನೀರಿಗೆ ಬಿದ್ದವು. ಒಣ ಮರಕ್ಕೆ ಪಾಕ ಸುರಿದರೆ ಸಕ್ಕರೆ ಕಚ್ಚಿಕೊಳ್ಳುತ್ತದೆ. ಮರ ನೀರು ಕುಡಿದಿದ್ದರೆ ತಾನಾಗಿ ಬಿಡುತ್ತದೆ. ಬೆಳಿಗ್ಗೆ ಅಂಗಳದಲ್ಲಿ ಒಲೆ ಹೊತ್ತಿತು. ಸಕ್ಕರೆ ಕುದಿಯುವಾಗ ಒಂದು ಬಟ್ಟಲು ಹಾಲು ಹಾಕಿದಳು. ಕಸವೆಲ್ಲ ನೊರೆಯಾಗಿ ಮೇಲೆ ಬಂತು. ಸಿಮ್ರಾನ ಅದನ್ನು ಸೌಟಿನಿಂದ ತೆಗೆದು ತೆಗೆದು ಚೆಲ್ಲಿದಳು. ಪಾಲಾಕ್ಷನಿಗೆ ಲಿಂಬೆಹಣ್ಣಿನ ಕೆಲಸ.

“ಎಷ್ಟು ಹಿಂಡ್ಲಿ ಅಜ್ಜಿ?”

“ನಾಕು ಹನಿ. ಹೆಚ್ಚಾತೋ, ಗಟ್ಟಿ ಆಗಂಗಿಲ್ಲ, ಅಂಟು ಆಗ್ತತಿ. ಆಮ್ಯಾಲ ಅದನ್ನ ನಿನ್ನ ಅಂಗಿಗೆ ಗುಂಡಿ ಹಚ್ಚಾಕ ಇಟ್ಕಬೇಕು.”

ಬಟ್ಟೆಯಲ್ಲಿ ಸೋಸಿದ ಪಾಕವನ್ನು ಸ್ವಲ್ಪ ಸ್ವಲ್ಪವೇ ಸಣ್ಣ ಬೋಗುಣಿಗೆ ತೆಗೆದುಕೊಂಡು ಮತ್ತೆ ಕಾಸಿ, ಕಟ್ಟಿಗೆಯಿಂದ ಬೋಗುಣಿಯ ಗೋಡೆಗೆ ಉಜ್ಜಬೇಕು. ಉಜ್ಜುತ್ತ ಉಜ್ಜುತ್ತ ನೀರಿನಂತಿದ್ದದ್ದು ಒಮ್ಮೆಲೇ ಮಬ್ಬಾಗಿ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆಗ ಕಣ್ಣು ಮಿಟುಕಿಸುವಷ್ಟರಲ್ಲಿ ಅಚ್ಚಿಗೆ ಸುರಿಯಬೇಕು, ಇಲ್ಲವಾದರೆ ಬೋಗುಣಿಯಲ್ಲೇ ಕಲ್ಲು. ಆದ್ದರಿಂದ ಅಚ್ಚು ಕಟ್ಟಿ ತಯಾರಿರಬೇಕು.

ಅಲ್ಲೇ ಎಡವಟ್ಟಾಯಿತು. ಮಸ್ತಾನಸಾಬ ಹಂಡೆಯೊಳಗೆ ಕೈಹಾಕಿದರೆ ಜೋಡಿ ಹೋಳುಗಳೇ ಮೇಲೆ ಬರುತ್ತಿದ್ದವು. ಒಂದಕ್ಕೂ ಗುರುತು ಹಾಕಿರಲಿಲ್ಲ. ಗೋಪುರ ಸುಲಭ. ಗಿಳಿ, ನವಿಲು ಬಾಲದಿಂದ ತಿಳಿದವು. ಉಳಿದದ್ದು ನಾಲ್ಕು ಹೋಳು. ಅಚ್ಚಿನಲ್ಲಿ ಎಲ್ಲವೂ ತಗ್ಗಾಗಿ, ತಿರುವುಮುರುವಾಗಿ ಇರುತ್ತದೆ. ದಪ್ಪ ಹೊಟ್ಟೆ, ನಾಲ್ಕು ಕಾಲು, ಮುಂದೆ ಏನೋ ಇಳಿಬಿದ್ದಿದೆ. ಅದು ಸೊಂಡಿಲೋ, ಬಸವಣ್ಣನ ಕೊರಳ ತೊಗಲೋ?

“ಇದು ಆನಿ, ದಾದಿ. ನಂಗೊತ್ತು” ಎಂದಳು ಸಿಮ್ರಾನ.

“ನಿಂಗೇನು ಗೊತ್ತು? ಇದು ಬಸವಣ್ಣ. ನಾನು ದಿನಾ ಗುಡಿಗೆ ಹೋಗ್ತೀನಿ” ಎಂದ ಪಾಲಾಕ್ಷ.

“ಲೇ, ಪಾಕ ತಿರುಗಾಕ ಹತ್ತೇತಿ, ಕಟ್ರಲೇ!” ಎಂದಳು ಜುಬೇದಾ ಬೀ. ಕಟ್ಟಿದರು. ಸುರಿದಳು.

ಗಟ್ಟಿಯಾದ ಮೇಲೆ ದಾರ ಬಿಚ್ಚಿದರೆ ಗೋಪುರ ಚಂದ, ಗಿಳಿ ಚಂದ, ನವಿಲು ಚಂದ. ಕೊನೆಯ ಎರಡು ಬಿಚ್ಚುವ ಹೊತ್ತಿಗೆ ಕಲ್ಯಾಣಮ್ಮ ಹೊಸ ಸೀರೆ ಉಟ್ಟು ಬಂದು ನಿಂತಿದ್ದಳು. ಒಂದನ್ನು ಅಂಗೈ ಮೇಲಿಟ್ಟು ತಿರುಗಿಸಿದಳು. ಮತ್ತೆ ತಿರುಗಿಸಿದಳು.

“ಜುಬೇದಕ್ಕ, ಇದ್ಯಾವ ಪ್ರಾಣಿಬೇ? ಆ ಕಡಿ ಸೊಂಡ್ಲು, ಈ ಕಡಿ ಕೋಡು!”

ಇನ್ನೊಂದೂ ಹಾಗೇ. ಮಕ್ಕಳು ಬಿದ್ದು ಬಿದ್ದು ನಕ್ಕರು. ಕಲ್ಯಾಣಮ್ಮನಿಗೆ ನಗು ಬರಲಿಲ್ಲ. “ಬೀಗರು ಏನಂದಾರು? ಹುಡುಗ ಒಂದು ಕಡಿ ಒಂದು ನಮೂನಿ, ಇನ್ನೊಂದು ಕಡಿ ಇನ್ನೊಂದು ನಮೂನಿ ಅನ್ನಂಗಿಲ್ಲೇನು? ಬ್ಯಾಡಕ್ಕ. ಪಾಲಾಕ್ಷ, ಚೀಲ ತಗ.”

“ಬಸ್ಸು ಬರಾಕ ಇನ್ನ ಹೊತ್ತೈತಿ” ಎಂದಳು ಜುಬೇದಾ ಬೀ. “ಸಕ್ರಿ ಕರಗ್ತತಿ. ಮತ್ತೊಮ್ಮಿ ಕಾಸ್ತೀನಿ. ಒಂದೇ ಒಂದು ಸಲ.”

ಕಲ್ಯಾಣಮ್ಮ ಕಟ್ಟೆಯ ತುದಿಗೆ ಕೂತಳು, ಎದ್ದು ಹೋಗಲೂ ಆಗದೆ.

ಜುಬೇದಾ ಬೀ ಒಂದು ಗೊಂಬೆಯನ್ನು ಒಡೆದು ಬೋಗುಣಿಗೆ ಹಾಕಿದಳು. ಇನ್ನೊಂದು ಎಲ್ಲಿ? ಸಿಮ್ರಾನ, ಪಾಲಾಕ್ಷ ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು, ಕೈ ಹಿಂದೆ. ಬೈಯಲು ಹೊತ್ತಿರಲಿಲ್ಲ. ಒಳಗೆ ಹೋಗಿ ಚಹಾದ ಸಕ್ಕರೆ ಡಬ್ಬಿಯನ್ನೇ ತಂದು ಬಗ್ಗಿಸಿದಳು.

ಹೋಳುಗಳು ಮತ್ತೆ ನೆನೆಯಲೆಂದು ಆಗಲೇ ಹಂಡೆಗೆ ಬಿದ್ದಿದ್ದವು, ಎಲ್ಲವೂ ಕಲೆತು. ಜುಬೇದಾ ಬೀ ನಾಲ್ಕನ್ನು ಹೊರತೆಗೆದು ಬಿಸಿಲಿಗಿಟ್ಟು ನೋಡಿದಳು. ತಗ್ಗಿನೊಳಗೆ ಬೆರಳಾಡಿಸಿದಳು. ಮತ್ತೆ ಅದೇ ಸಂಶಯ. ಇನ್ನೊಮ್ಮೆ ತಪ್ಪಿದರೆ ಮುಗಿಯಿತು. ಈ ವರ್ಷ ಬಾಗಳಿಯ ಆರತಿ ಪೇಟೆಯದು, ಬರುವ ವರ್ಷ ಓಣಿಯದೆಲ್ಲ ಪೇಟೆಯದು. ಒಂದು ಹೋಳನ್ನು ಸೆರಗಿನಿಂದ ಒರೆಸುವಾಗ ಅದರ ಬೆನ್ನು ಕಣ್ಣಿಗೆ ಬಿತ್ತು. ಒದ್ದೆ ಸಾಗುವಾನಿಯ ಮೇಲೆ ಕಪ್ಪು ಗೆರೆಗಳು ಎದ್ದಿದ್ದವು, ಒಣಗಿದ್ದಾಗ ಕಾಣದ ಗೆರೆಗಳು. ಅಂಚಿಗೆ ಬಂದು ಅಲ್ಲೇ ನಿಂತಿದ್ದವು. ಇನ್ನೊಂದು ಹೋಳನ್ನು ಅದರ ಪಕ್ಕ ಹಿಡಿದಳು. ಗೆರೆ ಕೂಡಲಿಲ್ಲ. ಮತ್ತೊಂದನ್ನು ಹಿಡಿದಳು. ಒಂದರ ಅಂಚಿನಲ್ಲಿ ನಿಂತ ಗೆರೆ ಇನ್ನೊಂದರಲ್ಲಿ ಮುಂದುವರಿದು ನಡೆದಿತ್ತು.

“ಅರೆ” ಎಂದಳು. “ಒಂದ ತುಂಡನ್ನ ಸೀಳಿ ಎರಡು ಮಾಡ್ಯಾನ ನಮ್ಮ ಸಾಬ. ಸೀಳಿದ್ದು ಕೂಡಿದ್ರ ಜೋಡಿ!”

“ಅಜ್ಜ ಹೇಳಿರ್ಲಿಲ್ಲೇನು ದಾದಿ?”

“ನಾ ಕೇಳಿದ್ರಲ್ಲೇನು ಹೇಳೋದು. ಕಟ್ರಿ, ಕಟ್ರಿ.”

ಈ ಸಲ ಆಕೆ ಉಜ್ಜಿದಳು, ಮಕ್ಕಳು ಬಿಗಿದರು. ಬಿಚ್ಚುವ ಮುಂಚೆ ಮಸ್ತಾನಸಾಬ ಉಳಿಯ ಹಿಡಿಯಿಂದ ಅಚ್ಚಿನ ಬೆನ್ನಿಗೆ ಮೆಲ್ಲಗೆ ತಟ್ಟುತ್ತಿದ್ದದ್ದು ನೆನಪಿತ್ತು. ಅದೇ ಉಳಿ ತರಿಸಿ ತಟ್ಟಿದಳು. ಆನೆ ಎರಡೂ ಕಡೆ ಆನೆಯಾಗಿ, ಬಸವಣ್ಣ ಎರಡೂ ಕಡೆ ಬಸವಣ್ಣನಾಗಿ ಎದ್ದು ನಿಂತರು. ಕಲ್ಯಾಣಮ್ಮ ಎದ್ದಳು. ತಟ್ಟೆಗೆ ಹತ್ತಿ ಹಾಸಿ ಐದನ್ನೂ ಕೂಡಿಸಿ, ಮೇಲೆ ಹೊಸ ರವಿಕೆ ಕಣ ಹೊದಿಸಿ, ಬಸ್‌ಸ್ಟ್ಯಾಂಡಿನ ಕಡೆ ದಾಪುಗಾಲು ಹಾಕಿದಳು.

ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಬೇಕು, ರಸ್ತೆ ತುಂಬ ಗುಂಡಿ. ಜುಬೇದಾ ಬೀ ಮರುದಿನ ಕಲ್ಯಾಣಮ್ಮ ಬರುವತನಕ ಕಟ್ಟೆ ಬಿಟ್ಟು ಏಳಲಿಲ್ಲ.

“ಒಂದೂ ಮುಕ್ಕಾಗಿಲ್ಲ” ಎಂದಳು ಕಲ್ಯಾಣಮ್ಮ, ಚಪ್ಪಲಿ ಬಿಡುವ ಮೊದಲೇ. “ಯಾವ ಅಂಗಡೀದು ಅಂತ ಕೇಳಿದ್ಲು ಬೀಗತಿ.”

“ನೀ ಏನಂದಿ?”

“ನಮ್ಮ ಮಸ್ತಾನಣ್ಣಂದು ಅಂದೆ.”

“ಹೌದಾ. ಪಾಕ?”

“ಪಾಕ ಜುಬೇದಕ್ಕಂದು ಅಂತ್ಲೂ ಹೇಳೀನಿ, ತಡಿಬೇ. ನಿನ್ನ ಹೆಸರು ಬಿಟ್ಟು ಬಂದ್ರ ಈ ಓಣ್ಯಾಗ ಕಾಲಿಡಾಕ ಬಿಡ್ತಿದ್ದೇನು?”

ಇನ್ನು ಮಕ್ಕಳು ಬಚ್ಚಿಟ್ಟ ಗೊಂಬೆಯ ಕತೆ. ಆನೆ ನಂದು ಎಂದಳು ಸಿಮ್ರಾನ, ಬಸವಣ್ಣ ನಂದು ಎಂದ ಪಾಲಾಕ್ಷ. ಹಂಚಿಕೊಳ್ಳಲು ಹೋದರೆ ಯಾರ ಪಾಲು ಮುರಿದರೂ ಇನ್ನೊಬ್ಬರ ಕಾಲು ಮುರಿಯುತ್ತದೆ. ಕೊನೆಗೆ ಎರಡು ಮನೆಗಳ ನಡುವಿನ ಗಿಡ್ಡ ಗೋಡೆಯ ಮೇಲೆ ನಿಲ್ಲಿಸಿದರು, ಈ ಅಂಗಳಕ್ಕೆ ಆನೆ ಕಾಣುವಂತೆ, ಆ ಅಂಗಳಕ್ಕೆ ಬಸವಣ್ಣ ಕಾಣುವಂತೆ. ನಾಲ್ಕು ದಿನ ಚೆನ್ನಾಗಿತ್ತು. ಆಮೇಲೆ ಇರುವೆಗಳು ಬಂದು ಜಗಳ ಬಗೆಹರಿಸಿದವು.

ಜುಬೇದಾ ಬೀ ಅದಾದ ಮೇಲೂ ಬಹಳ ವರ್ಷ ಆರತಿ ಮಾಡಿದಳು. ಕಲ್ಯಾಣಮ್ಮನ ಸೊಸೆಯಾಗಿ ಓಣಿಗೆ ಬಂದ ಬಾಗಳಿಯ ಹುಡುಗಿಯೂ ಅವಳ ಮಕ್ಕಳೂ ಅದೇ ಅಂಗಳದಲ್ಲಿ ನೊರೆ ತೆಗೆಯಲು ಕೂತರು. ಸಿಮ್ರಾನ ದೊಡ್ಡವಳಾಗಿ ಒಮ್ಮೆ, ಹೋಳುಗಳ ಬೆನ್ನಿಗೆ ಬಣ್ಣದಲ್ಲಿ ನಂಬರ್ ಬರೆದುಬಿಡೋಣ ಎಂದು ಡಬ್ಬಿ, ಕುಂಚ ತಂದಿದ್ದಳು.

“ಸಕ್ರಿಗೆ ಬಣ್ಣದ ವಾಸನಿ ಹತ್ತತೈತಿ, ತಗಂಡು ಹೋಗು ಅದನ್ನ” ಎಂದಳು ಜುಬೇದಾ ಬೀ. “ನೀರಾಗ ಹಾಕು. ಗೆರಿ ನೋಡು. ನಿಮ್ಮಜ್ಜ ಬರೆದಿಟ್ಟಾನ.”