ಶೂನ್ಯ ಅಂಕದ ವರ

ಶಕುನ, ಕನಸಿನ ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ಚಹಾದ ನೆಪ ಹೇಳಿ ಎದ್ದು ಹೋಗುತ್ತಿದ್ದವನು ನಾನು. ಈಗಲೂ ಅವನ್ನೆಲ್ಲ ನಂಬುವುದಿಲ್ಲ, ಆದರೆ ಎದ್ದು ಹೋಗುವುದನ್ನು ಬಿಟ್ಟಿದ್ದೇನೆ. ನನ್ನನ್ನು ಕೂರಿಸಿದ್ದು ನಾನೇ ಬರೆದ ಒಂದು ಪ್ರೋಗ್ರಾಂ ಎಂದರೆ ನೀವು ನಗಬಹುದು. ನಗಿರಿ, ಅಡ್ಡಿಯಿಲ್ಲ.

ಎರಡು ಸಾವಿರದ ಏಳೆಂಟರ ಸುಮಾರಿಗೆ ಹಾವೇರಿಯ ಒಂದು ವಧೂವರರ ಕೇಂದ್ರದಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದೆ. ಒಬ್ಬೊಬ್ಬರದೂ ಒಂದೊಂದು ಎಕ್ಸ್‌ಎಂಎಲ್ ಫೈಲು. ತಾಲ್ಲೂಕು, ವಯಸ್ಸು, ಗೋತ್ರದಂಥ ಬೆಡಗು, ಹೀಗೆ ಎಲ್ಲಕ್ಕೂ ಬೇರೆ ಬೇರೆ ಟ್ಯಾಗು; ಕೊನೆಗೆ ಹುಡುಗನ ಸ್ವಭಾವ, ಮನೆತನದ ಬಗ್ಗೆ ನಾಲ್ಕು ಮಾತು ಬರೆಯಲು ಜಾಗ. ಒಂದೇ ಬೆಡಗಿನಲ್ಲಿ ಸಂಬಂಧ ಮಾಡುವುದಿಲ್ಲವಲ್ಲ, ಅದಕ್ಕೆ ಪ್ರೋಗ್ರಾಂ ಮೊದಲು ಟ್ಯಾಗು ನೋಡಿ ಹೊಂದದವರನ್ನು ಕೈಬಿಡುತ್ತಿತ್ತು. ಆಮೇಲೆ ಉಳಿದವರ ಬರಹದಲ್ಲಿ ನಾವು ಕೇಳಿದ ಪದಗಳು ಎಷ್ಟು ಸಿಗುತ್ತವೆಂದು ಅಂಕ ಕೊಟ್ಟು, ಹೆಚ್ಚು ಅಂಕದವರನ್ನು ಮೇಲೆ ತೋರಿಸುತ್ತಿತ್ತು. ಒಂದು ಪದವೂ ಸಿಗದಿದ್ದರೆ ಶೂನ್ಯ. ಅಂಥವರು ತೆರೆಯ ಮೇಲೆ ಬರಲೇಕೂಡದು ಎಂದು ಬರೆದವನೂ ನಾನೇ.

ಒಂದು ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಅಗಡಿಯ ಶಾಂತವ್ವ ಬಂದು ನಿಂತಿದ್ದರು. ಮಗಳು ಕಸ್ತೂರಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಕಿವುಡ ಮಕ್ಕಳ ಶಾಲೆಯಲ್ಲಿ ಕೈಸನ್ನೆ ಕಲಿತವಳು, ಹೊಲಿಗೆಯಲ್ಲಿ ಎತ್ತಿದ ಕೈ. ನೋಡಲು ಬಂದವರೆಲ್ಲ "ಕೆಲಸಕ್ಕೇನೂ ತೊಂದ್ರಿ ಇಲ್ಲಲ್ಲ?" ಎಂದು ಕೇಳಿ ಹೋಗಿದ್ದರಂತೆ.

"ತಮ್ಮಾ, ಹೊಲಾ ಮನಿ ಕೇಳಂಗಿಲ್ಲ ನಾ. ಆಕಿ ಕೈ ಮಾಡಿದ್ರ ತಿಳ್ಕೊಳ್ಳಾಂವ ಬೇಕು. ನನ್ನ ಹಿಂದ ಆಕಿ ಮಾತು ಯಾರಿಗೆ ತಿಳೀತೈತಿ?" ಎಂದರು.

ಬ್ಯಾಡಗಿ, ರಾಣೆಬೆನ್ನೂರು ತಾಲ್ಲೂಕು ಹಾಕಿ, ಅವರ ಬೆಡಗು ಬಿಟ್ಟು, ಕೈಸನ್ನೆ, ತಾಳ್ಮೆ ಎಂಬ ಎರಡು ಪದ ಕೊಟ್ಟೆ. ಒಂದೇ ಹೆಸರು ಬಂತು: ಕದರಮಂಡಲಗಿಯ ಬಸವರಾಜ. ತೆರೆದು ನೋಡಿದರೆ ನಾಲ್ಕು ಮಾತಿನ ಜಾಗ ಪೂರ್ತಿ ಖಾಲಿ. ಅಂಕ ಶೂನ್ಯ!

"ಏನೋ ತಪ್ಪಾಗೇತ್ರಿ ಅವ್ವಾರ, ಇವನ್ನ ಬಿಡ್ರಿ" ಎಂದು ಅದೇ ಪದ ಕೊಟ್ಟು ಮತ್ತೆ ಹುಡುಕಿದೆ. ಈಗ ತಾಳ್ಮೆಯುಳ್ಳ ಏಳೆಂಟು ಹುಡುಗರು ಬಂದರು, ಬಸವರಾಜನಿಲ್ಲ. ಶಾಂತವ್ವ ಜಪ್ಪಯ್ಯ ಅನ್ನಲಿಲ್ಲ. "ಮೊದ್ಲ ಬಂದಾಂವನ್ನ ನೋಡೂಣು" ಎಂದು ಹಟ ಹಿಡಿದರು. ಪ್ರೋಗ್ರಾಂ ನನ್ನದು, ಜೊತೆಗೆ ಹೋಗುವುದೂ ನನ್ನ ಕರ್ಮವಾಯಿತು.

ಹೆಣ್ಣನ್ನು ಕರೆದುಕೊಂಡು ಗಂಡಿನ ಮನೆಗೆ ಹೋಗುವ ರೂಢಿ ಇಲ್ಲ. ಆದ್ದರಿಂದ ಕದರಮಂಡಲಗಿಯ ಹನುಮಪ್ಪನ ಗುಡಿಗೆ ಬಂದಂತೆ ಬಂದು ನೋಡುವುದೆಂದಾಯಿತು. ಹುಡುಗನೂ ಅವನ ಅಪ್ಪನೂ ಅಲ್ಲಿಗೇ ಬಂದರು. ಕಸ್ತೂರಿಗೆ ಮಾತು ಬಾರದು ಎಂದು ನಾನು ಹೇಳುತ್ತಿದ್ದಂತೆ ಆ ಅಪ್ಪನ ಮುಖ ಬಿಳಿಚಿಕೊಂಡಿತು.

"ನಮ್ಮ ಮನ್ಯಾಗಿನ ಸುದ್ದಿ ನಿಮಗ್ಯಾರು ಹೇಳಿದ್ರು?" ಎಂದು ಸಿಟ್ಟಿನಿಂದಲೇ ಕೇಳಿದರು. ಯಾರೂ ಹೇಳಿಲ್ಲ ಎಂದೆ. ಆಮೇಲೆ ದನಿ ತಗ್ಗಿತು. "ನನ್ನ ಸಣ್ಣ ಮಗಳೂ ಹಿಂಗ ಅದಾಳ್ರಿ. ಆಕಿ ಸಾಲ್ಯಾಗ ಕಲ್ತ ಕೈಮಾತು ಇಂವಗೂ ಬರ್ತೈತಿ. ಅದನ್ನ ಬರದ್ರ ಇಂವಗ ಯಾರೂ ಹೆಣ್ಣು ಕೊಡಂಗಿಲ್ಲ. ಬ್ಯಾರೆ ಏನರ ಬರದ್ರ ಮಗಳನ್ನ ಮುಚ್ಚಿಟ್ಟಂಗ ಆಕ್ಕೈತಿ. ಖಾಲಿ ಬಿಟ್ಟೆ."

ಅಷ್ಟರಲ್ಲಿ ಬಸವರಾಜನ ಕೈಗಳು ಏನೋ ಕೇಳಿದ್ದವು. ಕಸ್ತೂರಿ ಉತ್ತರ ಕೊಡುತ್ತಿದ್ದಳು, ಅದೂ ಎಷ್ಟು ಲಗುಬಗೆಯಿಂದ! ಶಾಂತವ್ವ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟರು. ನನ್ನ ಕಣ್ಣೂ ತುಂಬಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮದುವೆಯಾಯಿತು. ನಾನು ಆ ಪ್ರೋಗ್ರಾಂನ ಸಾಲು ಸಾಲನ್ನೂ ಜಾಲಾಡಿದೆ, ತಪ್ಪು ಸಿಗಲಿಲ್ಲ. ರಾಣೆಬೆನ್ನೂರಿನ ಗೆಳೆಯನೊಬ್ಬ ಹಿಂದಿನ ಹುಡುಕಾಟದ ಉತ್ತರ ಉಳಿದುಕೊಂಡಿರಬೇಕು ಎಂದ. ಆದರೆ ಆವತ್ತು ಕಂಪ್ಯೂಟರ್ ಹಚ್ಚಿದ ಮೇಲೆ ಶಾಂತವ್ವನದೇ ಮೊದಲ ಹುಡುಕಾಟ.

ಶಾಂತವ್ವ ತೀರಿಕೊಂಡಾಗ ಅಗಡಿಗೆ ಹೋಗಿದ್ದೆ. ಕಸ್ತೂರಿ ನನ್ನ ಕಡೆ ತಿರುಗಿ ತುಂಬಾ ಹೊತ್ತು ಕೈಯಾಡಿಸಿದಳು. ಪಕ್ಕದಲ್ಲಿ ಕುಳಿತ ಬಸವರಾಜ ಒಂದನ್ನೂ ಬಿಡದೆ ಹೇಳುತ್ತ ಹೋದ: "ಅವ್ವ ಕಡೀತನಕ ನಿಮ್ಮನ್ನ ನೆನಸ್ತಿದ್ಲಂತ್ರಿ. ಆವತ್ತು ಕಂಪ್ಯೂಟರಿನ್ಯಾಗ ನನ್ನ ಹೆಸರು ಹೆಂಗ ಬಂತು ಅಂತ ಈಕಿ ಕೇಳಾಕತ್ತಾಳ."

ನಾನು ಅವಳನ್ನೇ ನೋಡಿ, ಗೊತ್ತಿಲ್ಲವೆಂದು ಎರಡೂ ಕೈ ಚೆಲ್ಲಿದೆ. ಅದನ್ನು ಯಾರೂ ಅವಳಿಗೆ ತಿಳಿಸಿ ಹೇಳಬೇಕಾಗಲಿಲ್ಲ.