ಟೇಪಿನಲ್ಲಿ ಉಳಿದ ಬಾಲ

ಅರವತ್ತರ ದಶಕದ ಕೊನೆಯಲ್ಲಿ ನಮ್ಮ ಕಚೇರಿ ಜಯನಗರದ ಒಂದು ಬಾಡಿಗೆ ಮನೆಯಲ್ಲಿತ್ತು. ಹಿತ್ತಿಲಲ್ಲಿ ನುಗ್ಗೆಮರ, ಹಜಾರದಲ್ಲಿ ಕಾರ್ಡಿಗೆ ತೂತು ಹೊಡೆಯುವ ಯಂತ್ರ. ವಿದೇಶದ ಉಪಗ್ರಹಗಳು ಯಾವ ಹೊತ್ತಿಗೆ ಎಲ್ಲಿರುತ್ತವೆ ಎಂದು ಲೆಕ್ಕ ಹಾಕುವುದು ನಮ್ಮ ಕೆಲಸ. ಕಂಪ್ಯೂಟರ್ ಇದ್ದದ್ದು ಊರಿನ ಆ ತುದಿಯಲ್ಲಿ, ಬೇರೆಯವರ ಕಟ್ಟಡದಲ್ಲಿ. ಅದಕ್ಕೆ ಕೊಡುವ ಒಂದೊಂದು ಆದೇಶಕ್ಕೂ ಒಂದೊಂದು ತೂತಿನ ಕಾರ್ಡು. ಬೆಳಿಗ್ಗೆ ಕಾರ್ಡಿನ ಕಟ್ಟು ಜೀಪಿನಲ್ಲಿ ಹೋಗುತ್ತಿತ್ತು, ಸಂಜೆ ಅಚ್ಚಾದ ಹಾಳೆ ಬರುತ್ತಿತ್ತು. ನಡುವೆ ಯಾರ್ಯಾರು ಕೈಯಾಡಿಸುತ್ತಿದ್ದರೋ! ಕಾಣದ ಕೈಗಳನ್ನು ನಂಬುವ ಸ್ವಭಾವ ನನ್ನದಲ್ಲ.

ನಾನು ಬಿ.ಎಸ್ಸಿ. ಮುಗಿಸಿ ಸೇರಿದ್ದ ತಾತ್ಕಾಲಿಕ ಸಹಾಯಕಿ. ತ್ಯಾಗರಾಜನಗರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಸಹೋದ್ಯೋಗಿಯೂ ತಾತ್ಕಾಲಿಕವೇ. ಕಾಯಂ ಆಗುವ ಹುದ್ದೆ ಒಂದೇ. ಅಪ್ಪ ಹೋದ ಮೇಲೆ ಅಮ್ಮನೂ ನಾನೂ ನನ್ನ ಸಂಬಳವನ್ನೇ ನಂಬಿಕೊಂಡಿದ್ದೆವು. ಹಾಗಾಗಿ ಆತ ನಗುತ್ತಾ "ಕಾಫಿ ಆಯ್ತೇನ್ರೀ?" ಎಂದರೂ, ಇವತ್ತೇನು ಸಂಚೋ ಎಂದು ನನ್ನ ತಲೆ ಓಡುತ್ತಿತ್ತು.

ನಮ್ಮ ಕಚೇರಿಯ ಮುಖ್ಯಸ್ಥರು ಬರೆದ ಪ್ರೋಗ್ರಾಂ ಉಪಗ್ರಹದ ದಾರಿಯನ್ನು ಲೆಕ್ಕಹಾಕಿ ಕಂಪ್ಯೂಟರಿನ ಮ್ಯಾಗ್ನೆಟಿಕ್ ಟೇಪಿಗೆ ಬರೆಯುತ್ತಿತ್ತು. ನನ್ನ ಪ್ರೋಗ್ರಾಂ ಆ ಟೇಪನ್ನು ಓದಿ ಪಟ್ಟಿ ಅಚ್ಚು ಹಾಕುತ್ತಿತ್ತು. ಒಂದು ಸಂಜೆ ಬಂದ ಪಟ್ಟಿಯ ಕೊನೆಯ ಪುಟದಲ್ಲಿ, ಅಲ್ಲಿಯವರೆಗೆ ನೆಟ್ಟಗೆ ಹೋಗುತ್ತಿದ್ದ ಉಪಗ್ರಹ ಇದ್ದಕ್ಕಿದ್ದಂತೆ ಭೂಮಿಯ ಇನ್ನೊಂದು ಮಗ್ಗುಲಿಗೆ ಹಾರಿತ್ತು.

ಮುಖ್ಯಸ್ಥರು ನನ್ನನ್ನು ಕರೆಸಿದರು. "ಏನಮ್ಮ ಇದು? ಪಟ್ಟಿ ಉದ್ದ ಕಾಣ್ಲಿ ಅಂತ ನೀವೇ ಕಾರ್ಡ್ ಹೊಡ್ದು ನಂಬರ್ ತುಂಬಿಸಿಬಿಟ್ರಾ?"

"ಇಲ್ಲ ಸಾರ್."

"ಮತ್ತೆ ಮೆಷೀನು ಕನಸು ಕಾಣ್ತಾ? ಸೋಮವಾರದೊಳಗೆ ವಿವರಣೆ ಕೊಡಿ. ಇಲ್ದಿದ್ರೆ ಕಾಯಂ ಮಾತು ಮರೆತುಬಿಡಿ."

ಮೈಯೆಲ್ಲ ಉರಿಯಿತು. ನನ್ನ ಅನುಮಾನ ನೇರ ಸಹೋದ್ಯೋಗಿಯ ಮೇಲೆ ಹೋಯಿತು. ಕಾರ್ಡಿನ ಕಟ್ಟಿನ ಅಂಚಿಗೆ ನಾನು ಪೆನ್ಸಿಲಿನಲ್ಲಿ ಓರೆಗೆರೆ ಎಳೆದಿಡುತ್ತಿದ್ದೆ. ಒಂದು ಕಾರ್ಡು ಹೆಚ್ಚು ಕಡಿಮೆಯಾದರೂ ಗೆರೆ ಮುರಿಯುತ್ತಿತ್ತು. ಕಟ್ಟನ್ನು ಬೆಳಕಿಗೆ ಹಿಡಿದು ನೋಡಿದೆ. ಗೆರೆ ಹಾಗೇ ಇತ್ತು. ನಿಜ ಹೇಳಬೇಕೆಂದರೆ ನಿರಾಶೆಯಾಯಿತು. ಕಳ್ಳ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು!

ಇನ್ನು ಉಳಿದದ್ದು ಆ ಅಂಕಿಗಳೇ. ಅವುಗಳ ಮೇಲೂ ನನಗೆ ಗುಮಾನಿ. ಗ್ರಾಫ್ ಕಾಗದದಲ್ಲಿ ಒಂದೊಂದಾಗಿ ಗುರುತು ಹಾಕುತ್ತಾ ಹೋದೆ. ಕೈಗೆ ಬಂದಂತೆ ತುಂಬಿಸಿದ ಅಂಕಿಗಳಾಗಿದ್ದರೆ ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಬೇಕಿತ್ತು. ಬದಲಿಗೆ ನುಣ್ಣನೆಯ ಬಾಗು ಮೂಡಿತು. ಈ ಬಾಗನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ನೋಡಿದ್ದೆ. ಮುಖ್ಯಸ್ಥರ ಕುರ್ಚಿಯ ಹಿಂದೆ, ಕಟ್ಟು ಹಾಕಿಸಿದ ಗ್ರಾಫಿನಲ್ಲಿ. ಅವರು ಹಿಂದೆ ಮಾಡಿದ್ದ, ಎಲ್ಲರಿಗೂ ತೋರಿಸುತ್ತಿದ್ದ ಲೆಕ್ಕ ಅದು.

ಆಗ ಎಲ್ಲ ಅರ್ಥವಾಯಿತು. ಹಳೆಯ ಟೇಪಿನ ಮೇಲೆಯೇ ಹೊಸದನ್ನು ಬರೆಯುತ್ತಿದ್ದೆವು. ಬರೆದು ಮುಗಿದ ಮೇಲೆ ಫೈಲು ಮುಚ್ಚಬೇಕು, ಅಂದರೆ ಇಲ್ಲಿಗೆ ಮುಗಿಯಿತು ಎಂಬ ಗುರುತನ್ನು ಟೇಪಿನಲ್ಲಿ ಹಾಕಬೇಕು. ಅದಕ್ಕೆ ಒಂದು ಕಾರ್ಡು ಸಾಕು. ಅವರ ಪ್ರೋಗ್ರಾಮಿನಲ್ಲಿ ಆ ಕಾರ್ಡೇ ಇರಲಿಲ್ಲ. ಈ ಸಲದ ಲೆಕ್ಕ ಟೇಪಿನಲ್ಲಿದ್ದ ಹಳೆಯದಕ್ಕಿಂತ ಚಿಕ್ಕದು. ಗುರುತು ಕಾಣದ ನನ್ನ ಪ್ರೋಗ್ರಾಂ ಮುಂದಕ್ಕೆ ಓದುತ್ತಾ ಹೋಗಿ, ಹಳೆಯ ಲೆಕ್ಕದ ಬಾಲವನ್ನೂ ಅಚ್ಚು ಹಾಕಿತ್ತು.

ಸೋಮವಾರ ನನ್ನ ಗ್ರಾಫನ್ನು ಟ್ರೇಸಿಂಗ್ ಕಾಗದಕ್ಕೆ ಇಳಿಸಿಕೊಂಡು ಹೋಗಿ, ಅವರ ಗೋಡೆಯ ಗ್ರಾಫಿನ ಗಾಜಿನ ಮೇಲೆ ಒತ್ತಿ ಹಿಡಿದೆ. ಗೆರೆಯ ಮೇಲೆ ಗೆರೆ ಕೂತಿತು. "ನಾನು ತುಂಬಿಸಿದ ನಂಬರ್ ಇವೇನಾ ಸಾರ್?" ಎಂದೆ.

ಅವರು ಗಾಜಿನತ್ತ ಬಗ್ಗಿ ನೋಡಿದರು. "ನಾನಿಲ್ದಾಗ ನನ್ನ ರೂಮಿಗೆ ಬಂದಿದ್ರಾ?" ಎಂದರು. ಅಷ್ಟೇ. ಆದರೆ ಅಲ್ಲಿಯವರೆಗೆ ಇಲ್ಲದಿದ್ದ ಕಾರ್ಡು ಅಂದೇ ಅವರ ಕಟ್ಟಿಗೆ ಸೇರಿತು.

ಆ ವಾರವೇ ಕಾಯಂ ಆದೇಶ ಬಂತು. ಓದದೆ ಸಹಿ ಹಾಕುವವಳಲ್ಲ ನಾನು. ಅದರಲ್ಲಿ ಹೀಗಿತ್ತು: ಸಹಾಯಕಿಯ ಅಜಾಗರೂಕತೆಯಿಂದಾದ ತಪ್ಪನ್ನು ಮನ್ನಿಸಿ ಕಾಯಂ ಮಾಡಲಾಗಿದೆ.

"ಆ ತಪ್ಪಿನ ಮಾತು ಹೊಡೆದುಹಾಕಿ ಸಾರ್. ಆಮೇಲೆ ಸೈನ್ ಮಾಡ್ತೀನಿ."

"ಕೆಲ್ಸ ಬೇಡ್ವಾ ನಿಮ್ಗೆ?"

"ಬೇಕು. ಇಲ್ಲೇ ಇರ್ಬೇಕಲ್ಲ, ಅದಕ್ಕೇ ಕೇಳ್ತಿರೋದು."

ಮೇಜಿನ ಅಂಚು ಹಿಡಿದು ನಿಂತಿದ್ದೆ. ಅವರು ಪೆನ್ನು ತೆಗೆದು ಆ ಮಾತುಗಳ ಮೇಲೆ ಎಷ್ಟು ಒತ್ತಿ ಗೀಚಿದರೆಂದರೆ ಕಾಗದ ಹರಿಯಿತು. ಹರಿದದ್ದರ ಕೆಳಗೆ, ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.